ಎಡಗೈ ಮುಷ್ಟಿ

ಫೆಬ್ರವರಿ 9, ಭಾನುವಾರ

ಇಲ್ಲಿ ಬರೆಯದಿದ್ದರೆ ಇವರ ತಲೆ ತಿನ್ನುತ್ತೇನೆ. ಪಾಪ, ಮಧ್ಯಾಹ್ನದಿಂದ ಇದೇ ಕಥೆಯನ್ನು ಎರಡು ಸಲ ಕೇಳಿದರು. ಮೂರನೆಯ ಸಲ ಶುರು ಮಾಡುವಷ್ಟರಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ತರುತ್ತೇನೆಂದು ಹೊರಗೆ ಹೋದರು. ಯಂತ್ರ ರಿಪೇರಿ ಮಾಡುವವರ ಮನೆಯಲ್ಲಿ ಎಣ್ಣೆಗೆ ಬರವೇ?

ನಾನು ಕಂಡದ್ದು ಸರಿ. ಅದನ್ನು ಮೊದಲು ಬರೆದುಬಿಡುತ್ತೇನೆ. ಹುಡುಗಿಯರ ಸಾಫ್ಟ್‌ಬಾಲ್ ಲೀಗ್ ಪಂದ್ಯ, ಅಂಪೈರ್ ನಾನು, ಕೊನೆಯ ಇನಿಂಗ್ಸ್, ಬ್ಯಾಟು ಹಿಡಿದ ತಂಡ ಒಂದು ರನ್ ಹಿಂದೆ. ಚೆಂಡು ಬಲಗಡೆ ಮೂಲೆಗೆ ಹೋಯಿತು. ಒಂದನೇ ಬೇಸಿನಲ್ಲಿದ್ದ ಎರಡು ಜಡೆಯ ಹುಡುಗಿ ಓಡಿ, ಎರಡನೆಯದನ್ನು ದಾಟಿ, ಮೂರನೇ ಬೇಸಿಗೆ ತಿರುಗಿದಳು. ಎರಡಕ್ಕೂ ಮೂರಕ್ಕೂ ನಡುವೆ ಕಾಯುವ ಶಾರ್ಟ್‌ಸ್ಟಾಪ್ ಹುಡುಗಿ ನಡುದಾರಿಯಲ್ಲಿ ಕಂಬದಂತೆ ನಿಂತಿದ್ದಳು. ಕೈಯಲ್ಲಿ ಚೆಂಡಿಲ್ಲ, ಚೆಂಡು ಅವಳ ಕಡೆ ಬರುತ್ತಲೂ ಇಲ್ಲ. ಇಬ್ಬರೂ ಗುದ್ದಿಕೊಂಡರು. ಎರಡು ಜಡೆಯವಳ ತುಟಿ ಒಡೆಯಿತು. ನಾನು ಕೈ ಮೇಲೆತ್ತಿ "ಡೆಡ್ ಬಾಲ್!" ಎಂದು ಕೂಗಿ ಆಟ ನಿಲ್ಲಿಸಿದೆ. ಅಡ್ಡಿ ಮಾಡಿದ್ದಕ್ಕೆ ಓಡುವವಳಿಗೆ ಮೂರನೇ ಬೇಸ್ ಕೊಟ್ಟೆ. ಮುಂದಿನ ಬ್ಯಾಟರ್ ಕ್ಯಾಚ್ ಕೊಟ್ಟಳು, ಪಂದ್ಯ ಮುಗಿಯಿತು, ಎರಡು ಜಡೆಯವಳ ತಂಡ ಸೋತಿತು.

ನಿಯಮ ನನಗೆ ಗೊತ್ತಿಲ್ಲದ್ದಲ್ಲ. ಹೊಡೆದ ಚೆಂಡನ್ನು ಹಿಡಿಯಲು ಬಗ್ಗಿದವಳಿಗೆ ಓಡುವವಳು ಗುದ್ದಿದರೆ ತಪ್ಪು ಓಡುವವಳದು. ಆಟ ಅಲ್ಲೇ ನಿಲ್ಲಬೇಕು, ಅವಳು ಔಟ್. ಚೆಂಡಿನ ಗೊಡವೆಯಿಲ್ಲದೆ ದಾರಿಗೆ ಅಡ್ಡ ನಿಂತರೆ ತಪ್ಪು ನಿಂತವಳದು. ಆಗ ಅಂಪೈರ್ ಎಡಗೈ ಮುಷ್ಟಿ ಕಟ್ಟಿ ಪಕ್ಕಕ್ಕೆ ಚಾಚಿ, ಬಾಯಿ ಮುಚ್ಚಿಕೊಂಡಿರಬೇಕು. ಆಟ ನಡೆಯುತ್ತಿರಬೇಕು. ಓಟವೆಲ್ಲ ಮುಗಿದ ಮೇಲೆ, ಅವಳಿಗೆ ನಷ್ಟವಾಗಿದ್ದರೆ ತುಂಬಿಕೊಡಬೇಕು. ಇಷ್ಟು ವರ್ಷದಿಂದ ಹೊಸಬರಿಗೆ ಇದನ್ನು ಹೇಳಿಕೊಟ್ಟವಳು ನಾನೇ. ಆದರೆ ಕಣ್ಣೆದುರು ಅನ್ಯಾಯವಾಗುತ್ತಿರುವಾಗ ಕೈ ಚಾಚಿ ಬೊಂಬೆಯ ಹಾಗೆ ನಿಲ್ಲುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪಂದ್ಯ ಮುಗಿದ ಮೇಲೆ ಅಂಪೈರ್ ಮಂಡಳಿಯ ಹಿರಿಯರು ಬಂದರು. ಕಡ್ಡಿಯಂಥ ಮೈ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಎಲ್ಲರೂ ಅವರನ್ನು ಪೆನ್ಸಿಲ್ ಸಾಹೇಬರು ಎಂದೇ ಕರೆಯುವುದು, ಅವರಿಗೂ ಗೊತ್ತು.

"ಅಡ್ಡಿ ಕಂಡ್ರಿ, ಸರಿ. ಚೆಂಡು ಎಲ್ಲಿತ್ತು ಅಂತ ನೋಡಿದ್ರಾ?"

ನೋಡಿರಲಿಲ್ಲ. ಒಡೆದ ತುಟಿ ನೋಡುತ್ತಿದ್ದೆ.

"ಬೇಲಿ ಹತ್ರ ಉರುಳ್ತಾ ಇತ್ತು. ನೀವು ಸುಮ್ನಿದ್ದಿದ್ರೆ ಆ ಹುಡುಗಿ ಹೋಮ್‌ಗೇ ಬಂದು ರನ್ ಸಮ ಮಾಡ್ಬಿಡ್ತಿದ್ಲು."

"ಹಂಗಾದ್ರೆ ನಾನು ಹೋಮ್ ಕೊಡಬಹುದಿತ್ತು."

"ಕೊಡಬಹುದಿತ್ತು, ಕೊಡ್ಲಿಲ್ಲ. ಓಡೋರನ್ನ ನಿಲ್ಲಿಸಿದ ಮೇಲೆ ಅವ್ರು ಎಲ್ಲಿವರೆಗೆ ಹೋಗ್ತಿದ್ರು ಅಂತ ಯಾರಿಗ್ರೀ ಗೊತ್ತು? ಬರೀ ಅಂದಾಜು."

ಇದು ಈ ಸೀಸನ್ನಿನಲ್ಲಿ ಮೂರನೆಯ ಸಲವಂತೆ. ಮುಂದಿನ ಎರಡು ಪಂದ್ಯ ಅವರು ಬೇಲಿಯ ಹೊರಗೆ ಕುರ್ಚಿ ಹಾಕಿಕೊಂಡು ನನ್ನನ್ನು ನೋಡುತ್ತಾರಂತೆ. ಸರಿಯಿದ್ದರೆ ಫೈನಲ್‌ನಲ್ಲಿ ಹೋಮ್ ಪ್ಲೇಟಿನ ಹಿಂದೆ ಮುಖ್ಯ ಅಂಪೈರ್ ನಾನು. ಇಲ್ಲದಿದ್ದರೆ ಹಾರ ಹಾಕಿ ಕಳಿಸುವುದು.

ಅದಕ್ಕಿಂತ ಆ ಹುಡುಗಿಯ ಮಾತು ಹೆಚ್ಚು ಚುಚ್ಚಿತು. ತುಟಿಗೆ ಕರವಸ್ತ್ರ ಒತ್ತಿಕೊಂಡು ಬಂದು ನನ್ನೆದುರು ನಿಂತಳು. "ಮೇಡಂ, ನಾನು ಬಿದ್ದಿರ್ಲಿಲ್ಲ. ಓಡ್ತಾನೇ ಇದ್ದೆ. ನೀವ್ಯಾಕೆ ನಿಲ್ಲಿಸಿದ್ರಿ?"

"ನಿನಗೋಸ್ಕರಾನೇ ಕಣೇ ನಿಲ್ಲಿಸಿದ್ದು" ಎಂದೆ.

ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹೋದಳು. ಈಗಿನ ಮಕ್ಕಳಿಗೆ ಉಪಕಾರ ಸ್ಮರಣೆಯೇ ಇಲ್ಲ.

ಫೆಬ್ರವರಿ 10, ಸೋಮವಾರ

ಔಷಧಿ ಅಂಗಡಿಯಲ್ಲಿ ಇಡೀ ದಿನ ಜನ. ಚಳಿ ಬಿಡುವ ಹೊತ್ತಿಗೆ ಎಲ್ಲರಿಗೂ ಕೆಮ್ಮು. ಬಾಗಿಲಲ್ಲಿ ಕೆಮ್ಮಿದರೆ ಸಾಕು, ಕೌಂಟರಿಗೆ ಬರುವಷ್ಟರಲ್ಲಿ ಸಿರಪ್ ಎದುರಿಗಿಟ್ಟಿರುತ್ತೇನೆ. ಮಾಲೀಕರು ನನ್ನನ್ನು ಎಕ್ಸ್‌ಪ್ರೆಸ್ ಎಂದು ಕರೆಯುತ್ತಾರೆ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಮಗಳ ಚಪ್ಪಲಿ. ಒಳಗೆ ಮಗಳು, ಪಕ್ಕದಲ್ಲಿ ದೊಡ್ಡ ಬ್ಯಾಗ್. ಬ್ಯಾಗಿನ ಗಾತ್ರ ನೋಡಿದ ಕೂಡಲೇ ನನಗೆ ಅರ್ಥವಾಯಿತು.

"ಸ್ವಲ್ಪ ದಿನ ಇರ್ತೀನಮ್ಮ" ಎಂದಳು.

"ಜಗಳವಾ? ಅವನೇನಂದ? ನಿಮ್ಮತ್ತೆಗೆ ಗೊತ್ತಾ?" ಎಂದೆ. ಇವರು ನನ್ನ ಕೈಗೆ ಟೀ ಲೋಟ ಕೊಟ್ಟರು. ಕುಡಿಯುವಾಗಲಾದರೂ ಸುಮ್ಮನಿರುತ್ತೇನೆ ಎಂಬ ಲೆಕ್ಕಾಚಾರ. ಮಗಳು ಸ್ನಾನಕ್ಕೆ ಹೋದಳು.

ಫೆಬ್ರವರಿ 11, ಮಂಗಳವಾರ

ಅಂಗಡಿಯಿಂದಲೇ ಅಳಿಯನಿಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬಾರದು. ಹೆಣ್ಣು ಕೊಟ್ಟಿದ್ದೇವೆಯೇ ಹೊರತು ಬಾಯಿ ಕೊಟ್ಟಿಲ್ಲ ಎಂದೆ. ಭಾನುವಾರ ಬಂದು ಕರೆದುಕೊಂಡು ಹೋಗಿ, ತಪ್ಪಾಯಿತು ಎನ್ನಿ, ಮುಗಿಯಿತು ಎಂದೆ. ಅವನು "ಆಯ್ತು ಅತ್ತೆ, ಆಯ್ತು ಅತ್ತೆ" ಎಂದ. ಏನು ತಪ್ಪಾಯಿತೆಂದು ನನಗೂ ಗೊತ್ತಿಲ್ಲ ಎಂಬುದು ಫೋನ್ ಇಟ್ಟ ಮೇಲೆ ಹೊಳೆಯಿತು.

ಮನೆಗೆ ಬಂದು ಹೇಳಿದರೆ ಮಗಳ ಮುಖ ಕಪ್ಪಿಟ್ಟಿತು.

ವಿಷಯ ಇಷ್ಟು. ಗಂಡ ಹೆಂಡತಿ ಸೇರಿ ಫೋಟೋ ಫ್ರೇಮಿನ ಅಂಗಡಿ ನಡೆಸುತ್ತಾರೆ. ಗಿರಾಕಿ ಬಂದು ಚಿತ್ರ ಬಿಚ್ಚಿದಾಗ ಇವಳು ಅಳತೆ ತೆಗೆಯಲು ಹೋಗುತ್ತಾಳೆ. ಅವನು ಬಂದು "ಕೊಡು, ನಾನು ನೋಡ್ತೀನಿ" ಎಂದು ಅವಳ ಕೈಯಿಂದ ಟೇಪ್ ತೆಗೆದುಕೊಳ್ಳುತ್ತಾನೆ. ಪ್ರತಿ ಸಲ. ಗಿರಾಕಿ ಆಮೇಲೆ ಅವನ ಮುಖ ನೋಡಿಯೇ ಮಾತಾಡುತ್ತಾನೆ.

"ಇಷ್ಟೇನಾ?" ಎಂದುಬಿಟ್ಟೆ.

"ಇಷ್ಟೇ ಅಮ್ಮ. ಎರಡು ವರ್ಷದಿಂದ ದಿನಾ ಇಷ್ಟಿಷ್ಟೇ. ನಿನ್ನೆ ಮೊದಲನೇ ಸಲ, ಟೇಪ್ ಕೊಡಲ್ಲ ಅಂದೆ. ಅವ್ರು ಕಿತ್ಕೊಂಡ್ರು. ನಾನು ಎದ್ದು ಬಂದೆ. ಏನು ಮಾತಾಡ್ಬೇಕು ಅಂತ ಯೋಚ್ನೆ ಮಾಡ್ತಾ ಇದ್ದೆ. ಅಷ್ಟರಲ್ಲಿ ನೀನು ಫೋನ್ ಮಾಡಿದೆ. ನೀನೂ ಕಿತ್ಕೊಂಡೆ."

ತಾಯಿ ಅಂದ ಮೇಲೆ ಕೇಳಬಾರದೇ? ನೀರಿಗೆ ಬಿದ್ದವರಿಗೆ ಈಜು ಬರುತ್ತದೋ ಇಲ್ಲವೋ ಎಂದು ದಡದಲ್ಲಿ ನಿಂತು ವಿಚಾರಿಸುತ್ತಾರೆಯೇ? ಹಾಗೆಂದೆ. ಅವಳು ಎದ್ದು ಹೋಗಿ ಅಪ್ಪನ ಹತ್ತಿರ ಕುಳಿತಳು. ನನಗೆ ತುಂಬ ನೋವಾಯಿತು.

ಫೆಬ್ರವರಿ 13, ಗುರುವಾರ

ಮಗಳು ನನ್ನೊಡನೆ ಊಟದ ಮಾತು ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಅಪ್ಪನಿಗೆ ಮಾತ್ರ ಎಲ್ಲವನ್ನೂ ಹೇಳುತ್ತಾಳೆ. ಅವರು ಹೂಂ ಎನ್ನುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಹೂಂ ಎನ್ನುವುದಕ್ಕೆ ಅಷ್ಟು ಬೆಲೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಫೆಬ್ರವರಿ 15, ಶನಿವಾರ

ನಾಳೆ ಪೆನ್ಸಿಲ್ ಸಾಹೇಬರ ಕುರ್ಚಿ ಎದುರಿಗೆ ಪಂದ್ಯ. ನನ್ನ ಮುಖ ನೋಡಿ ಇವರೇ ಒಂದು ಉಪಾಯ ಹೇಳಿದರು. "ಕೈಗೆ ಅಭ್ಯಾಸ ಆಗ್ಬೇಕು, ತಲೆಗಲ್ಲ. ಹೊಲಿಗೆ ಯಂತ್ರ ಕಲಿಯೋರೂ ಅಷ್ಟೇ, ಮೊದಲು ಕಾಲು ಕಲಿಯುತ್ತೆ."

ನಡುಮನೆಯಲ್ಲಿ ಮಂಚ ಒಂದನೇ ಬೇಸ್, ಫ್ರಿಜ್ ಎರಡು, ಇವರ ರಿಪೇರಿ ಮೇಜು ಮೂರು, ಹೊಸ್ತಿಲು ಹೋಮ್. ಓಡುವುದು ಇವರು, ಈ ವಯಸ್ಸಿನಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು. ಫೀಲ್ಡರ್ ಆಗಲು ಮಗಳನ್ನು ಕರೆದರು. ಅವಳು ನನ್ನತ್ತ ನೋಡದೆ ಬಂದಳು. ಉಂಡೆ ಮಾಡಿದ ಕಾಲುಚೀಲ ಚೆಂಡು.

ಮೊದಲ ಸಲ ಇವರು ಫ್ರಿಜ್ಜಿನ ಹತ್ತಿರ ಅವಳಿಗೆ ಗುದ್ದಿ ಸ್ಟೂಲು ಉರುಳಿಸಿದರು. "ನಿಲ್ಸಿ, ಸ್ಟೂಲು!" ಎಂದು ಕೂಗಿದೆ. ಎರಡನೇ ಸಲವೂ ಕೂಗಿದೆ. ಮೂರನೇ ಸಲ ಎಡಗೈ ಚಾಚಿದೆ, ಜೊತೆಗೆ ಬಾಯಿಯೂ ಬಿಟ್ಟೆ. ಆಮೇಲೆ ಮಗಳು ತಾನಾಗಿಯೇ ನನ್ನತ್ತ ತಿರುಗಿದಳು. "ಅಮ್ಮ, ನಮ್ಮನ್ನ ನೋಡ್ಬೇಡ. ಕಾಲುಚೀಲ ನೋಡು. ಅದು ಎಲ್ಲಿದೆಯೋ ಅಲ್ಲಿ ಕಣ್ಣಿಡು."

ಕಾಲುಚೀಲದ ಮೇಲೆ ಕಣ್ಣಿಟ್ಟೆ. ಇವರು ಅವಳಿಗೆ ಗುದ್ದಿ, ತತ್ತರಿಸಿ, ಮೇಜು ಸುತ್ತಿ ಹೊಸ್ತಿಲು ಮುಟ್ಟಿದರು. ನನ್ನ ಬಾಯಿಂದ ಶಬ್ದ ಬರಲಿಲ್ಲ. ಆಮೇಲೆ ಇವರು ನೆಲದ ಮೇಲೆ ಕೂತು ಏದುಸಿರು ಬಿಡುತ್ತಾ "ಗೆದ್ದೆ" ಎಂದರು. ಮಗಳು ನಕ್ಕಳು. ಈ ವಾರದಲ್ಲಿ ಮನೆಯಲ್ಲಿ ನಗು ಕೇಳಿದ್ದು ಆಗಲೇ.

ಫೆಬ್ರವರಿ 16, ಭಾನುವಾರ

ಎರಡು ಡಿಕ್ಕಿ.

ಒಂದನೆಯದರಲ್ಲಿ ನೆಲದ ಮೇಲೆ ಪುಟಿಯುತ್ತ ಬಂದ ಚೆಂಡಿಗೆ ಮೂರನೇ ಬೇಸಿನ ಹುಡುಗಿ ಬಗ್ಗಿದ್ದಳು. ಎರಡರಿಂದ ಓಡಿಬಂದವಳು ನೇರ ಅವಳ ಮೈಮೇಲೆ ಹೋದಳು. ಬಿದ್ದು ಮೊಣಕಾಲು ತರಚಿಕೊಂಡವಳು ಓಡುವವಳೇ. ಜನ "ಅಯ್ಯೋ ಪಾಪ" ಎಂದರು. ಚೆಂಡು ಬಗ್ಗಿದವಳ ಗ್ಲೌಸಿನಿಂದ ಎರಡು ಗೇಣು ದೂರದಲ್ಲಿತ್ತು. ಅವಳ ಚೆಂಡು, ಅವಳ ಜಾಗ. ಕೂಡಲೇ ಡೆಡ್ ಬಾಲ್ ಎಂದು ನಿಲ್ಲಿಸಿ, ರಕ್ತ ಸೋರುತ್ತಿದ್ದವಳನ್ನೇ ಔಟ್ ಮಾಡಿದೆ. ಬೇಲಿಯಾಚೆಯಿಂದ ಒಬ್ಬ ನನ್ನನ್ನು ಕಲ್ಲೆದೆಯವಳು ಎಂದ. ಅನ್ನಲಿ. ಅಳುವವರೆಲ್ಲ ನ್ಯಾಯವಂತರಲ್ಲ.

ಎರಡನೆಯದು ಒಂದನೇ ಬೇಸಿನಲ್ಲಿ, ಚೆಂಡಿಲ್ಲದವಳು ಅಡ್ಡ ನಿಂತದ್ದು. ಎಡಗೈ ಮುಷ್ಟಿ ತಾನಾಗಿಯೇ ಹೊರಗೆ ಹೋಯಿತು. ಆದರೆ "ಡೆ" ಎಂಬಷ್ಟು ಬಾಯಿಂದ ಜಾರಿತು. ಉಳಿದದ್ದನ್ನು ನುಂಗಿಕೊಂಡೆ. ಪುಣ್ಯಕ್ಕೆ ಯಾರೂ ನಿಲ್ಲಲಿಲ್ಲ.

"ಅರ್ಧ ಅಕ್ಷರ ಕೇಳಿಸ್ತು" ಎಂದರು ಪೆನ್ಸಿಲ್ ಸಾಹೇಬರು.

"ಕೆಮ್ಮು" ಎಂದೆ.

"ಔಷಧಿ ಅಂಗಡಿಯೋರಿಗೇ ಕೆಮ್ಮಾ?" ಎಂದು ಕುರ್ಚಿ ಮಡಚಿಕೊಂಡು ಹೋದರು.

ಅಳಿಯ ಇವತ್ತು ಬರಲಿಲ್ಲ. ಮಗಳೇ ಬೇಡವೆಂದಿದ್ದಾಳೆ.

ಫೆಬ್ರವರಿ 20, ಗುರುವಾರ

ಅಂಗಡಿಗೆ ಒಬ್ಬ ಅಜ್ಜ ಬಂದರು. ಕೆಮ್ಮಿದರು. ಸಿರಪ್ಪಿಗೆ ಕೈ ಹೋಗಿತ್ತು, ಯಾಕೋ ನಿಂತಿತು. ಅಜ್ಜ ನಿಧಾನ, ಜೇಬು ತಡಕುತ್ತಾರೆ, ಮಗನ ಮನೆಯ ಸುದ್ದಿ ಹೇಳುತ್ತಾರೆ, ಮತ್ತೆ ಕೆಮ್ಮುತ್ತಾರೆ. ಕೊನೆಗೆ ಒಂದು ಮಾತ್ರೆಯ ಹಾಳೆ ಹೊರಗೆ ತೆಗೆದು, ಇದನ್ನು ನುಂಗಿದಾಗಿನಿಂದಲೇ ಕೆಮ್ಮು ಶುರುವಾದದ್ದು ಎಂದರು. ರಕ್ತದೊತ್ತಡದ ಮಾತ್ರೆ. ಕೆಲವರಿಗೆ ಹಾಗಾಗುತ್ತದೆ. ಡಾಕ್ಟರಿಗೆ ತೋರಿಸಿ ಬದಲಿಸಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ ಎಂದು ಹೇಳಿ ಕಳಿಸಿದೆ. ಹಿಂದೆ ನಿಂತವರು ಗೊಣಗಿದರು. ಇವತ್ತು ಯಾಕೆ ಪ್ಯಾಸೆಂಜರ್ ಗಾಡಿ ಎಂದು ಮಾಲೀಕರು ಕೇಳಿದರು. ನಿದ್ದೆ ಸರಿಯಾಗಿಲ್ಲ ಎಂದೆ.

ಅದೇ ಹೊತ್ತಿಗೆ ಅಳಿಯನ ಫೋನು. "ಅತ್ತೆ, ಅಂಗಡೀಲಿ ಅವಳಿಗೆ ಬೇರೆ ಮೇಜು ಹಾಕಿಸ್ತೀನಿ. ನೀವೇ ಅವಳಿಗೆ ಹೇಳಿ ಒಪ್ಪಿಸಿ."

"ಅವಳಿಗೇ ಹೇಳಿ" ಎಂದು ಇಟ್ಟುಬಿಟ್ಟೆ. ಕೌಂಟರಿನಲ್ಲಿ ಜನ ಇದ್ದರು, ಅದಕ್ಕೆ. ಮನೆಗೆ ಬಂದ ಮೇಲೆ ಮಗಳಿಗೆ ಹೇಳೋಣವೆಂದುಕೊಂಡೆ, ಬಟ್ಟೆ ಮಡಚುವುದರಲ್ಲಿ ಮರೆತುಹೋಯಿತು.

ಫೆಬ್ರವರಿ 23, ಭಾನುವಾರ

ಪೆನ್ಸಿಲ್ ಸಾಹೇಬರು ಕುರ್ಚಿ ಹಾಕಿಕೊಂಡು ಕುಳಿತರು, ನಾನು ಮೈಯೆಲ್ಲ ಕಣ್ಣಾಗಿ ನಿಂತೆ, ಇಡೀ ಪಂದ್ಯದಲ್ಲಿ ಯಾರೂ ಯಾರಿಗೂ ಗುದ್ದಲಿಲ್ಲ. ಇಷ್ಟು ಸಭ್ಯ ಹುಡುಗಿಯರನ್ನು ನಾನು ಕಂಡಿಲ್ಲ.

"ಏನೂ ಆಗ್ದೇ ಇದ್ರೆ ಏನು ನೋಡೋದು? ಫೈನಲ್ ನೀವೇ ಮಾಡಿ, ಅಲ್ಲೇ ನೋಡೋಣ. ಅಲ್ಲಿ ಅಕ್ಷರ ಜಾರಿದ್ರೆ ಅದೇ ಕೊನೇದು" ಎಂದರು.

ಮಾರ್ಚ್ 4, ಮಂಗಳವಾರ

ಅಳಿಯ ಬಂದ. ಮಗಳೇ ಕರೆಸಿದ್ದು. ಇಬ್ಬರೂ ನಡುಮನೆಯಲ್ಲಿ ಕುಳಿತರು. ನಾನು ಅಡಿಗೆಮನೆಯಲ್ಲಿ ಹಾಲಿಟ್ಟುಕೊಂಡು ನಿಂತೆ. ಇವರು ಹಿತ್ತಲಲ್ಲಿ ಯಾವುದೋ ಯಂತ್ರದ ಬೆಲ್ಟು ಹಾಕುತ್ತಿದ್ದರು, ಅಥವಾ ಹಾಗೆ ತೋರಿಸಿಕೊಳ್ಳುತ್ತಿದ್ದರು.

ಮೊದಲು ಮೆತ್ತಗಿದ್ದ ಮಾತು ಏರಿತು. ಅವನು "ನಾನೇನು ಬೇಕಂತ ಮಾಡ್ತೀನಾ? ಗಿರಾಕಿ ಕಾಯ್ತಿರ್ತಾರೆ, ನೀನು ನಿಧಾನ" ಎಂದ. ನನ್ನ ಮಗಳು ನಿಧಾನವೇ? ಪರದೆಯ ತನಕ ಹೋದೆ. ಸೌಟು ಕೈಯಲ್ಲಿಯೇ ಇತ್ತು. ಹತ್ತು ಮಾತು ನಾಲಿಗೆ ತುದಿಯಲ್ಲಿ ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಖಾರ. ಮಗಳ ದನಿ ಒಡೆಯಿತು. ಅಳುತ್ತಿದ್ದಾಳೆ ಎಂದುಕೊಂಡೆ. ಆದರೆ ಮಾತು ನಿಂತಿರಲಿಲ್ಲ.

"ನಿಧಾನ ಅಂದ್ರಿ. ಸರಿ. ನಾನು ಅಳತೆ ಮಾಡಿದ್ದು ಒಂದಾದ್ರೂ ತಪ್ಪಾಗಿದ್ಯಾ? ಹೇಳಿ. ಇಲ್ಲ ಅಲ್ವಾ? ಇವತ್ತು ನಾನು ಪೂರ್ತಿ ಹೇಳಿ ಮುಗಿಸ್ತೀನಿ. ನೀವು ಮಧ್ಯ ಬಾಯಿ ಹಾಕ್ಬೇಡಿ."

ಹೇಳಿದಳು. ಪೂರ್ತಿ ಹೇಳಿದಳು. ಬೇರೆ ಮೇಜು ಬೇಡ, ಅದೇ ಮೇಜು, ಅದೇ ಗಿರಾಕಿ, ಶುರು ಮಾಡಿದವರೇ ಮುಗಿಸಬೇಕು ಎಂದಳು. ಅವನು ಎದ್ದು ಚಪ್ಪಲಿ ಮೆಟ್ಟಿದ. ಯೋಚಿಸಿ ಹೇಳುತ್ತೇನೆ ಎಂದು ಹೋದ. ನನಗೆ ಬರುತ್ತೇನೆಂದೂ ಹೇಳಲಿಲ್ಲ.

ಮಗಳು ಮುಖ ತೊಳೆದು ಒಳಗೆ ಬಂದಳು. "ಕೇಳಿಸ್ತಾ?"

"ಕೇಳಿಸ್ತು."

"ಏನೂ ಹೇಳಲ್ವಾ?"

"ಹಾಲು ಉಕ್ಕುತ್ತೇಂತ ನಿಂತಿದ್ದೆ" ಎಂದೆ. ಸ್ಟವ್ ಹಚ್ಚಿಯೇ ಇರಲಿಲ್ಲ. ಅವಳು ನೋಡಿದಳು, ನಾನೂ ಆಗಲೇ ನೋಡಿದ್ದು. ಅವಳೇ ಹಚ್ಚಿದಳು. ಊಟಕ್ಕೆ ನನ್ನ ಪಕ್ಕದಲ್ಲಿ ಕುಳಿತಳು.

ಮಾರ್ಚ್ 9, ಭಾನುವಾರ

ಫೈನಲ್. ಜನವೋ ಜನ. ಮಗಳು, ಇವರು ಇಬ್ಬರೂ ಬಂದಿದ್ದರು. ಆಡುವ ತಂಡಗಳಲ್ಲಿ ಒಂದು ಎರಡು ಜಡೆಯವಳದು. ತುಟಿಯ ಮೇಲೆ ಸಣ್ಣ ಕಲೆ. ಪ್ಲೇಟಿನ ಹತ್ತಿರ ಬ್ಯಾಟು ಹಿಡಿದು ಬಂದಾಗ ನನಗೆ ನಮಸ್ಕಾರವನ್ನೂ ಹೇಳಲಿಲ್ಲ.

ಕೊನೆಯ ಇನಿಂಗ್ಸ್, ಸಮ ಸಮ. ಅವಳು ಎರಡನೇ ಬೇಸಿನಲ್ಲಿದ್ದಳು. ಚೆಂಡು ಎಡಗಡೆ ಆಳಕ್ಕೆ ಬಿತ್ತು. ಅವಳು ಮೂರನೆಯದನ್ನು ತುಳಿದು ಹೋಮ್ ಕಡೆ ತಿರುಗುವಾಗ ಅಲ್ಲಿನ ಫೀಲ್ಡರ್ ಬರಿಗೈಯಲ್ಲಿ ದಾರಿಯಲ್ಲಿದ್ದಳು. ಇವಳು ಬೋರಲು ಬಿದ್ದಳು. ಮುಖ ಮಣ್ಣಿಗೆ ಬಡಿಯಿತು.

ಚೆಂಡು ಎಲ್ಲಿ? ಇನ್ನೂ ಎಡಗಡೆ ಹುಲ್ಲಿನಲ್ಲಿ. ಎಡಗೈ ಚಾಚಿದೆ.

ಇಡೀ ಮೈದಾನ ನನ್ನ ಮೇಲೆ ಬಿತ್ತು. "ಅಂಪೈರ್ ಕಣ್ಣು ಕುರುಡಾ? ನಿಲ್ಸ್ರೀ!" ಅವಳ ತಂಡದ ಕೋಚ್ ಟೋಪಿ ತೆಗೆದು ನೆಲಕ್ಕೆ ಬಡಿದ. ಹುಡುಗಿ ಮೊಣಕೈ ಊರಿ ಏಳುತ್ತಿದ್ದಳು. ಬಾಯಿಗೆ ಕೀಲಿ ಹಾಕಿಕೊಂಡು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ನನ್ನ ಪಾಲಿಗೆ ಒಂದು ಯುಗ. ಅವಳು ತಲೆಯೆತ್ತಿದಳು, ನನ್ನ ಕಡೆ ಒಮ್ಮೆ ನೋಡಿದಳು, ಎದ್ದು ಓಡಿದಳು. ಎಂಥ ಓಟ ಅದು! ಚೆಂಡು ಹೋಮ್ ಕಾಯುವ ಕ್ಯಾಚರ್ ಕೈಗೆ ಬಂತು, ಇವಳು ಪ್ಲೇಟಿನತ್ತ ಜಾರಿದಳು, ಕೂದಲೆಳೆಯಷ್ಟು ಮುಂಚೆ ಕ್ಯಾಚರ್ ಚೆಂಡಿನಿಂದ ಇವಳನ್ನು ಮುಟ್ಟಿದಳು. ಎದುರು ತಂಡ ಕುಣಿಯತೊಡಗಿತು.

ಆಗ ಡೆಡ್ ಬಾಲ್ ಎಂದೆ. ಮೂರನೇ ಬೇಸಿನ ಕಡೆ ಬೆರಳು ತೋರಿಸಿ, ಅಡ್ಡಿ, ರನ್ನರ್‌ಗೆ ಹೋಮ್ ಎಂದೆ. ಬೀಳದೆ ಹೋಗಿದ್ದರೆ ಅವಳು ಎಷ್ಟು ಮೊದಲೇ ಬರುತ್ತಿದ್ದಳೆಂದು ಅಂದಾಜು ಮಾಡಬೇಕಾಗಿಯೇ ಇರಲಿಲ್ಲ, ಅವಳೇ ಓಡಿ ತೋರಿಸಿದ್ದಳು. ಎದುರು ತಂಡದವರು ಕೂಗಾಡಿದರು. ಇನ್ನೊಬ್ಬ ಅಂಪೈರನ್ನು ಕೇಳಿದರು, ಪೆನ್ಸಿಲ್ ಸಾಹೇಬರನ್ನೂ ನೋಡಿದರು. ಅವರು ಕುರ್ಚಿಯಿಂದ ಏಳಲೇ ಇಲ್ಲ. ಆ ಒಂದು ರನ್ನಿನಿಂದ ಎರಡು ಜಡೆಯವಳ ತಂಡ ಗೆದ್ದಿತು, ಪಂದ್ಯ ಮುಗಿಯಿತು.

ಅಂಪೈರ್ ಹಾಕುವ ಮುಖದ ಜಾಲರಿ ತೆಗೆಯುವಾಗ ಎರಡು ಜಡೆಯವಳು ಮಣ್ಣುಮುಖದಲ್ಲಿ ಬಂದಳು.

"ಬಿದ್ದಾಗ ಸಾಕು ಅನ್ನಿಸ್ತು ಮೇಡಂ. ಎದೇಲಿ ಉಸಿರಿರ್ಲಿಲ್ಲ."

"ಮತ್ತೆ ಯಾಕೆ ಎದ್ದೆ?"

"ನಿಮ್ಮ ಕೈ ನೋಡ್ದೆ. ಔಟಾದ್ರೂ ಪರ್ವಾಗಿಲ್ಲ ಅಂತ ಓಡ್ದೆ."

ತುಟಿಗೆ ಮುಲಾಮು ಹಚ್ಚಿಕೋ, ಅಂಗಡಿಗೆ ಬಾ, ಕೊಡುತ್ತೇನೆ ಎಂದೆ. ಪೆನ್ಸಿಲ್ ಸಾಹೇಬರು ಹೋಗುವಾಗ ಇಷ್ಟೇ ಅಂದರು. "ಮುಂದಿನ ಸೀಸನ್‌ಗೆ ಬನ್ನಿ. ಆದ್ರೆ ತೀರ್ಪು ಕೊಟ್ಟ ಮೇಲೆ ಕೈ ಇಳಿಸಿ. ಅರ್ಧ ಗಂಟೆ ಹಂಗೇ ನಿಂತಿದ್ರಿ." ಉತ್ಪ್ರೇಕ್ಷೆ. ಅಷ್ಟೇನೂ ನಿಂತಿರಲಿಲ್ಲ.

ಮಾರ್ಚ್ 10, ಸೋಮವಾರ

ಬೆಳಗ್ಗೆ ಅಳಿಯನ ಫೋನು ಮಗಳಿಗೆ ಬಂತು. ಏನು ಮಾತಾಯಿತೋ ನಾನು ಕೇಳಲಿಲ್ಲ, ನನಗೆ ಅಂಗಡಿಗೆ ಹೊತ್ತಾಗಿತ್ತು. ಇವತ್ತು ಫ್ರೇಮಿನ ಅಂಗಡಿ ತೆರೆಯಲು ತಾನೇ ಹೋಗುತ್ತೇನೆಂದು ಅವಳೇ ಹೇಳಿದಳು. ಇವರು ತಮ್ಮ ಪೆಟ್ಟಿಗೆಯಿಂದ ಉಕ್ಕಿನ ಟೇಪ್ ತೆಗೆದು ಅವಳ ಕೈಗಿಟ್ಟರು.

"ಬ್ಯಾಗ್ ಇಲ್ಲೇ ಇರ್ಲಿ ಅಮ್ಮ" ಎಂದಳು.

"ಇರ್ಲಿ" ಎಂದೆ.

ಅವಳು ಸ್ಕೂಟರ್ ಹೊರಗೆ ತೆಗೆಯುವಾಗ ಗೇಟನ್ನು ನಾನೇ ಎಡಗೈಯಿಂದ ಹಿಡಿದು ನಿಂತೆ. ನಮ್ಮ ಗೇಟು ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಎಷ್ಟು ದಿನದಿಂದ ಸರಿಮಾಡಿಸಿ ಎಂದು ಇವರಿಗೆ ಹೇಳುತ್ತಿದ್ದೇನೆ. ಬೀದಿಗೆ ಇಳಿದ ಮೇಲೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಜೋರಾಗಿ ಹೋದಳು.

ಇವರು ಹಿಂದಿನಿಂದ ಬಂದರು. "ಬಿಡೇ ಗೇಟು. ಹೋದ್ಲಲ್ಲ."

"ಇನ್ನೂ ತಿರುವು ದಾಟಿಲ್ಲ" ಎಂದೆ.